ಹತ್ತು ನಿಮಿಷ ಮುಂದಿನ ಗಡಿಯಾರ

ಸಮ್ರೀನ ಈಗಷ್ಟೇ ಟೈಪು ಮಾಡಿದ ಸಾಲು ಅವಳ ಕಣ್ಣೆದುರೇ ಮಾಯವಾಯಿತು. ‘ಗುರುಸಿದ್ದವ್ವ: ಪೆನಿಸಿಲಿನ್ ಒಗ್ಗುವುದಿಲ್ಲ’ ಎಂದಿದ್ದ ಜಾಗದಲ್ಲಿ ‘ಅಲರ್ಜಿ ಇಲ್ಲ’ ಎಂದು ಬಂದು ಕೂತಿತು.

ಮುಂಡಗೋಡದ ಆ ಸಣ್ಣ ಆಸ್ಪತ್ರೆಯ ಮೂರು ಕಂಪ್ಯೂಟರುಗಳನ್ನು ತಂತಿಯಲ್ಲಿ ಪೋಣಿಸಿದವಳು ಅವಳೇ. ನೋಂದಣಿ, ಲ್ಯಾಬು, ವಾರ್ಡು, ಮೂರರಲ್ಲೂ ರೋಗಿಗಳ ಮಾಹಿತಿಯ ಒಂದೊಂದು ಪ್ರತಿ. ಒಂದು ಕೆಟ್ಟರೂ ಉಳಿದೆರಡು ನಡೆಯಬೇಕು. ಒಂದರಲ್ಲಿ ಬರೆದದ್ದು ತಾನಾಗಿ ಉಳಿದವಕ್ಕೂ ಹೋಗಬೇಕು. ಎರಡರ ಮಾತು ಬೇರೆಯಾದರೆ ಸಮಯ ನೋಡಿ, ಕೊನೆಗೆ ಬರೆದದ್ದೇ ಸರಿ ಎನ್ನಬೇಕು. ಈ ನಿಯಮ ಹೊಳೆದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಪೆನಿಸಿಲಿನ್ ಬೇಡವೆಂದು ಬರೆದಿದ್ದ ಹಳೇ ಔಷಧಿ ಚೀಟಿ ತಂದುಕೊಟ್ಟ ಗುರುಸಿದ್ದವ್ವನ ಸೊಸೆ ಇನ್ನೂ ಎದುರಿಗೇ ನಿಂತಿದ್ದಳು. ಸಮ್ರೀನ ನೋಂದಣಿ ಮೇಜಿನಿಂದ ಎದ್ದವಳೇ ವಾರ್ಡಿಗೆ ಓಡಿದಳು.

ಅಲ್ಲಿ ನರ್ಸ್ ಗೋದುಬಾಯಿ ಮುದುಕಿ ಗುರುಸಿದ್ದವ್ವನ ತೋಳು ಒರೆಸಿ ಸಿರಿಂಜು ಎತ್ತಿದ್ದಳು.

“ಅಕ್ಕಾ, ನಿಲ್ರಿ! ಪೆನಿಸಿಲಿನ್ ಅವರಿಗೆ ಆಗಿಬರೂದಿಲ್ಲ. ಹತ್ತೂ ಐದಕ್ಕ ನಾನ ಬರದೇನಿ.”

“ಇಲ್ಲಿ ಅಲರ್ಜಿ ಇಲ್ಲ ಅಂತ ಐತಲ್ಲ? ಹತ್ತೂ ಹತ್ತಕ್ಕ ನಾ ಬರದೇನಿ.”

ಸಮ್ರೀನ ತನ್ನ ಮೊಬೈಲು ನೋಡಿದಳು. ಇನ್ನೂ ಹತ್ತು ಗಂಟೆ ಏಳು ನಿಮಿಷ.

“ಈ ಕಂಪ್ಯೂಟರಿನ ಗಡಿಯಾರ ಮುಂದೈತಲ್ರೀ!”

“ನಾನ ಹತ್ತು ನಿಮಿಷ ಮುಂದ ಇಟ್ಟೇನಿ. ಮನ್ಯಾಗೂ ಹಂಗ ಇಡ್ತೇನಿ. ಇಲ್ಲಂದ್ರ ನಮ್ಮೂರು ಮಳಗಿಯ ಬಸ್ ತಪ್ಪತೈತಿ.”

ಬಸ್ಸು ಹಿಡಿಯುವ ಮಂದಿಯಲ್ಲಿ ಯಾರ ಗಡಿಯಾರ ಸರಿ ಇರುತ್ತದೆ? ಅಷ್ಟೂ ಯೋಚಿಸದೆ ಗಡಿಯಾರವನ್ನೇ ಪಂಚಾಯಿತಿಗೆ ಕೂರಿಸಿದ್ದಳು ಸಮ್ರೀನ ಎಂಬ ಈ ಜಾಣೆ. ಗೋದುಬಾಯಿ ಹತ್ತು ಗಂಟೆಗೆ ಬರೆದದ್ದು ಹತ್ತೂ ಹತ್ತರದೆಂದು ಸೇರಿ, ಸಮ್ರೀನ ಹತ್ತೂ ಐದಕ್ಕೆ ಬರೆದದ್ದನ್ನು ಅಳಿಸಿತ್ತು. ಅವಳು ಗೋದುಬಾಯಿಯತ್ತ ತಿರುಗಿದಳು.

“ಹೋಗ್ಲಿ, ಅಲರ್ಜಿ ಇಲ್ಲ ಅಂತ ಬರಿಯೂಕಿಂತ ಮೊದಲ ಇವರನ್ನ ಒಂದು ಮಾತು ಕೇಳಿದ್ರೀ ಏನು?”

ಗೋದುಬಾಯಿ ಸಿರಿಂಜು ಕೆಳಗಿಟ್ಟಳು. “ನಾಕು ಮಂದಿ ಕಾಯಾಕತ್ತಿದ್ರು. ಆ ಜಾಗಾ ಖಾಲಿ ಬಿಟ್ರ ನಿಮ್ಮ ಕಂಪ್ಯೂಟರ್ ಮುಂದಿನ ಪುಟಕ್ಕ ಹೋಗೂದಿಲ್ರಿ. ಅದಕ್ಕ ಎಲ್ಲಾರಿಗೂ ‘ಇಲ್ಲ’ ಅಂತ ಒತ್ತಿಬಿಡ್ತೇನಿ.”

ಖಾಲಿ ಬಿಡಬಾರದೆಂದು ಕಟ್ಟುಪಾಡು ಮಾಡಿದವಳೂ ಸಮ್ರೀನಳೇ.

ಅಷ್ಟು ಹೊತ್ತು ಇಬ್ಬರನ್ನೂ ನೋಡುತ್ತಿದ್ದ ಗುರುಸಿದ್ದವ್ವ ಕುಪ್ಪಸದ ತೋಳು ಕೆಳಗೆಳೆದುಕೊಂಡಳು.

“ಆ ಪೆಟ್ಟಿಗಿ ಈ ಪೆಟ್ಟಿಗೀನ ಕೇಳ್ತು, ಈ ಪೆಟ್ಟಿಗಿ ಆ ಪೆಟ್ಟಿಗೀನ ಕೇಳ್ತು. ಸೂಜಿ ಚುಚ್ಚೂದು ನನಗ ಹೌದಲ್ಲವಾ? ನನ್ನ ಯಾಕ ಯಾರೂ ಕೇಳಲಿಲ್ಲ?”