ಮಂತ್ರಿಯ ಮನೆಯ ನಲ್ಲಿ

ಒಂದು ಊರಿನ ನೀರಿನ ಬಗ್ಗೆ ಸದನದಲ್ಲಿ ಪ್ರಶ್ನೆ ಅಂಗೀಕಾರವಾದರೆ, ಅದು ಇತ್ಯರ್ಥವಾಗುವವರೆಗೆ ಮಂತ್ರಿಯ ಮನೆಗೂ ಆ ಊರಿಗೆ ಬರುವಷ್ಟೇ ನೀರು. ನನ್ನ ಯಜಮಾನರು ನೀರು ಸರಬರಾಜು ಮಂತ್ರಿ. ಹಾಗಾಗಿ ನಮ್ಮ ಸರ್ಕಾರಿ ಬಂಗಲೆಯ ಮುಂದೆ ಕಾರುಗಳಿಗಿಂತ ಡ್ರಮ್ಮುಗಳೇ ಹೆಚ್ಚು.

ಈ ಸಲ ಇವರದೇ ಪಕ್ಷದ ಶಾಸಕ ಹೊನ್ನಪ್ಪ ಬಿಳಿಗಲ್ಲೂರಿನ ಬಗ್ಗೆ ಕೇಳಿದ್ದರು. ಅದು ನನ್ನ ತವರು. ನಮ್ಮಕ್ಕ ಇವತ್ತಿಗೂ ಅಲ್ಲಿ ಟ್ಯಾಂಕರಿನ ಹಿಂದೆ ಓಡುತ್ತಾಳೆ. "ದಿನವೂ ನೀರು ಬಿಡಲಾಗುತ್ತಿದೆ" ಎಂದು ಇವರು ಸದನದಲ್ಲಿ ಮೇಜು ಕುಟ್ಟಿ ಹೇಳಿ, ಮನೆಗೆ ಬಂದು ಅರ್ಧ ಚೊಂಬು ನೀರಿನಲ್ಲಿ ಮುಖ ತೊಳೆದರು. ನಾಚಿಕೆಯೇನೂ ಆದಂತಿರಲಿಲ್ಲ.

ನಿನ್ನೆ ಹೊನ್ನಪ್ಪನವರನ್ನು ಊಟಕ್ಕೆ ಕರೆದರು.

"ನಿಮಗೊಂದು ನಿಗಮದ ಅಧ್ಯಕ್ಷಗಿರಿಗೆ ಹೇಳಿದೀನಿ. ಆ ಪ್ರಶ್ನೆ ವಾಪಸ್ ತಗೊಂಬಿಡಿ," ಎಂದರು ಇವರು.

"ನಮ್ಮೂರ ಜನ ಏನಂತಾರೋ," ಎನ್ನುತ್ತಾ ಹೊನ್ನಪ್ಪ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. "ಕಾರೂ ಕೊಡ್ತಾರಲ್ವಾ?"

ಇವತ್ತು ಬೆಳಿಗ್ಗೆ ಪ್ರಶ್ನೆ ವಾಪಸಾಯಿತು. ನಮ್ಮ ನಲ್ಲಿ ಭೋರ್ಗರೆಯಿತು. ಬಿಳಿಗಲ್ಲೂರಿನ ನಲ್ಲಿ ಕೆಮ್ಮಲೂ ಇಲ್ಲ.

ಸಂಜೆ ಇವರು ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಿನಲ್ಲಿ ಹಾಡುತ್ತಿದ್ದರು. ನಾನು ಮಧ್ಯಾಹ್ನವೇ ವಿರೋಧ ಪಕ್ಷದ ಶಾಸಕಿ ಗಂಗಾಂಬಿಕೆಗೆ ಫೋನು ಮಾಡಿದ್ದೆ. ಅವರು ಕೊಟ್ಟ ಅದೇ ಪ್ರಶ್ನೆ ಅಂಗೀಕಾರವಾಯಿತೆಂದು ಟಿವಿಯಲ್ಲಿ ಬಂದದ್ದೇ ತಡ, ಬಚ್ಚಲಿನಲ್ಲಿ ಹಾಡು ನಿಂತಿತು.

"ಲೇ, ನೀರು ನಿಂತೋಯ್ತು. ಕಣ್ಣೆಲ್ಲಾ ಉರೀತಿದೆ. ಯಾವೂರ ಪ್ರಶ್ನೆನೇ ಇದು?"

"ಬಿಳಿಗಲ್ಲೂರೇ ಕಣ್ರೀ. ದಿನಾ ನೀರು ಬಿಡ್ತೀವಿ ಅಂದಿದ್ರಲ್ಲ, ನಿಂತಿರಿ ಅಲ್ಲೇ, ಬರುತ್ತೆ."