ಗುತ್ಯಪ್ಪ ಆರಿಸಿದ ಪೆಟ್ಟಿಗೆ

ತಗಡಿನ ಕಹಳೆ ಸ್ಪೀಕರು ಒಮ್ಮೆಗೇ ಕಿರುಚಿಕೊಂಡಾಗ ಮಹೇಶ್ವರಪ್ಪನ ಮೈಕ್ ಸೆಟ್ ಅಂಗಡಿಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಎದುರು ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ಗುತ್ಯಪ್ಪ ಮಾತ್ರ ಕಹಳೆಯ ಬಾಯಿಗೆ ಮುಖ ಕೊಟ್ಟು, ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ಕಾಯುತ್ತ ನಿಂತಿದ್ದ. ಮಹೇಶ್ವರಪ್ಪ ಗುಂಡಿ ತಿರುಗಿಸಿ ಸದ್ದು ಇಳಿಸಿದ.

"ಇದಕ್ಕಿಂತ ಜೋರಿನದು ಶಿಕಾರಿಪುರದಾಗೇ ಇಲ್ಲವ್ವ," ಎಂದು ಗುತ್ಯಪ್ಪನ ಹೆಂಡತಿ ಹನುಮಮ್ಮನಿಗೆ ಹೇಳಿದ. "ಬಳ್ಳಿಗಾವಿಯಾಗೆ ನಿಂತು ಕೆಮ್ಮಿದ್ರೆ ಇಲ್ಲಿಗೆ ಕೇಳ್ಬೇಕು, ಅಂಥಾದ್ದು. ಇದೂ ಕೇಳಲಿಲ್ಲ ಅಂದ್ರೆ ಏನು ಮಾಡಾಣ?"

"ನಮ್ಮೋರಿಗೆ ಏನೂ ಕೇಳಲ್ರಿ. ಹೋದ ವರ್ಷ ಜ್ವರದಾಗೆ ಎರಡೂ ಕಿವಿ ಹೋದವು."

"ಮತ್ತೆ ಕೇಳದೋರಿಗೆ ಮೈಕ್ ಸೆಟ್ ಯಾಕವ್ವ?"

ಕೇಳಿದ ಮೇಲೆ ಮಾತು ಒರಟಾಯಿತೆಂದು ಅವನಿಗೇ ಅನ್ನಿಸಿತು. ಹನುಮಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಬಳ್ಳಿಗಾವಿ ಪಕ್ಕದ ಹಟ್ಟಿಯವರು ಅವರು, ಕುರಿ ಸಾಕುವವರು. ಹುಣ್ಣಿಮೆ ಹುಣ್ಣಿಮೆಗೆ ಊರಮ್ಮನ ಮುಂದೆ ಅವಳು ಹಾಡಬೇಕು, ಗಂಡ ಚೌಡಿಕೆ ನುಡಿಸಬೇಕು. ಬಗಲಲ್ಲಿ ಇರುಕಿಕೊಂಡು ಒಂದೇ ತಂತಿ ಮೀಟುವ ಆ ವಾದ್ಯ ಅವರ ಮನೆತನಕ್ಕೆ ಬಂದ ಸೇವೆ. ಕಿವಿ ಹೋದ ಮೇಲೆ ಹಾಡಿನದು ಒಂದು ದಾರಿ, ಚೌಡಿಕೆಯದು ಇನ್ನೊಂದು ದಾರಿ ಆಗಿಬಿಟ್ಟಿತ್ತು. ಬರುವ ಹುಣ್ಣಿಮೆಗೂ ತಾಳ ಕೂಡದಿದ್ದರೆ ಸೇವೆಯನ್ನು ಬೇರೆ ಮನೆಗೆ ಒಪ್ಪಿಸುವುದಾಗಿ ಹಿರಿಯರು ಹೇಳಿದ್ದರು. ಮನೆಯಲ್ಲಿ ಕೂತು ಅಭ್ಯಾಸ ಮಾಡಲು ಒಂದು ಮೈಕ್ ಪೆಟ್ಟಿಗೆ ಬೇಕೇ ಬೇಕೆಂದು ಗುತ್ಯಪ್ಪ ಎರಡು ಕುರಿ ಮಾರಿದ. ಅದರಿಂದ ಏನಾಗುತ್ತದೆಂದು ಹೆಂಡತಿ ಸನ್ನೆಯಲ್ಲಿ ಕೇಳಿದರೆ, ಹೇಳಿದರೆ ನಗುತ್ತೀಯ ಎಂದಿದ್ದ.

ಗುತ್ಯಪ್ಪ ಈಗ ಮಹೇಶ್ವರಪ್ಪನಿಗೆ ಮಾತಾಡುತ್ತಲೇ ಇರಲು ಸನ್ನೆ ಮಾಡಿದ. ಮಾತಿನ ವಿಷಯದಲ್ಲಿ ಮಹೇಶ್ವರಪ್ಪ ಎಂದೂ ಬಡವನಲ್ಲ. ಮೈಕು ಹಿಡಿದು ತನ್ನ ಅಂಗಡಿಯ ಹೆಸರು, ತಂದೆಯ ಹೆಸರು, ಬಾಡಿಗೆಯ ದರ ಎಲ್ಲ ಒಂದರ ಹಿಂದೊಂದು ಒದರಿದ. ತಂತಿಯನ್ನು ಒಂದು ಸ್ಪೀಕರಿನಿಂದ ತೆಗೆದು ಇನ್ನೊಂದಕ್ಕೆ ಸಿಕ್ಕಿಸಿದಂತೆಲ್ಲ ಗುತ್ಯಪ್ಪ ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಟಗರು ಕೊಳ್ಳುವವನು ಕೊಂಬು ನೋಡಿ ಮರುಳಾಗುವುದಿಲ್ಲ, ಪಕ್ಕೆಗೆ ಕೈಯಿಟ್ಟು ಉಸಿರು ನೋಡುತ್ತಾನೆ. ಗುತ್ಯಪ್ಪನೂ ಹಾಗೆಯೇ ಕಹಳೆಯನ್ನು ಬಿಟ್ಟ, ರೇಡಿಯೋದಂಥ ಪುಟ್ಟ ಡಬ್ಬವನ್ನೂ ಬಿಟ್ಟ. ಮೂಲೆಯಲ್ಲಿದ್ದ ದಪ್ಪ ಮರದ ಪೆಟ್ಟಿಗೆಯ ಮೇಲೆ ಕೈ ಇಟ್ಟವನು ಬಹಳ ಹೊತ್ತು ತೆಗೆಯಲಿಲ್ಲ.

"ಇದಕ್ಕೆ ಉಸಿರೈತಿ," ಎಂದ, ಕಿವಿ ಹೋದವರ ಎತ್ತರದ ದನಿಯಲ್ಲಿ.

"ಅದು ಬ್ಯಾಡವ್ವ. ಸೊರಬದ ಟೆಂಟ್ ಸಿನಿಮಾದೋರು ಬಿಟ್ಟು ಹೋಗಿದ್ದು, ಮುಂದಿನ ಬಟ್ಟೇನ ಇಲಿ ಕಡಿದೈತಿ. ಗೊಗ್ಗರು ದನಿ, ಬೀದಿ ದಾಟಲ್ಲ. ಅರ್ಧ ಬೆಲೆಗೂ ಯಾರೂ ಕೇಳಿಲ್ಲ."

"ಬೀದಿ ಯಾಕ್ರಿ ದಾಟಬೇಕು? ನಮ್ಮ ಹೊಸಲು ದಾಟದಿದ್ರೂ ಸೈ," ಎಂದಳು ಹನುಮಮ್ಮ. "ನಮ್ಮಲ್ಲಿ ಕರೆಂಟಿಲ್ಲ. ಬ್ಯಾಟ್ರಿ ಮ್ಯಾಲೆ ನಡೀತೈತಾ?"

"ಕಾರಿನ ಬ್ಯಾಟ್ರಿ ಇದ್ರೆ ನಡೀತೈತಿ."

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ವ್ಯಾಪಾರವಲ್ಲ ಎಂದುಕೊಂಡು ಮಹೇಶ್ವರಪ್ಪ ಮೈಕನ್ನು ಗುತ್ಯಪ್ಪ ಹೆಗಲಿಗೆ ನೇತುಹಾಕಿಕೊಂಡು ತಂದಿದ್ದ ಚೌಡಿಕೆಯ ಬಾಯಿಗೆ ಕಟ್ಟಲು ಹೋದ. ಗುತ್ಯಪ್ಪ ಅದನ್ನು ಮೆಲ್ಲಗೆ ಬಿಡಿಸಿ ಹೆಂಡತಿಯ ಕೈಗೆ ಕೊಟ್ಟ.

"ನಂದು ನನ್ನ ಬಗಲಾಗೇ ಐತಿ. ಪಕ್ಕೆಲುಬಿಗೆ ತಿಳೀತೈತಿ," ಎಂದ. "ನನಗೆ ಬೇಕಾಗಿರೋದು ಇವಳ್ದು."

ಹಾಗೆಂದವನೇ ಹೆಂಡತಿಗೆ ಬೆನ್ನು ಮಾಡಿ, ಮರದ ಪೆಟ್ಟಿಗೆಯ ಮೇಲೆ ಹತ್ತಿ ಕೂತುಬಿಟ್ಟ. ಅದು ಕುರ್ಚಿಯಲ್ಲ ಎಂದು ಹೇಳಹೊರಟ ಮಹೇಶ್ವರಪ್ಪ, ಹೇಳುವ ಬದಲು ಗುಂಡಿ ತಿರುಗಿಸಿ ಸದ್ದು ಏರಿಸಿದ.

ಹನುಮಮ್ಮ ಹಾಡಲು ನಾಚಿದಳು. ಅವಳದು ದಪ್ಪ ಗಂಟಲು. ಗಂಡು ದನಿಯ ಹುಡುಗಿ ಎಂದು ಚಿಕ್ಕಂದಿನಿಂದ ಊರೆಲ್ಲ ಆಡಿಕೊಂಡ ಗಂಟಲು ಅದು. ಕೊನೆಗೆ ಸೆರಗು ಎಳೆದುಕೊಂಡು, ನೆಲ ನೋಡುತ್ತ, ಅಮ್ಮನ ಪದವನ್ನು ತಗ್ಗಿನಲ್ಲಿ ಎತ್ತಿಕೊಂಡಳು. ಕಹಳೆಯಲ್ಲಾದರೆ ಬರೀ ತಗಡಾಗಿ ಬಿಡುತ್ತಿದ್ದ ಆ ದನಿ ಮರದೊಳಕ್ಕೆ ಇಳಿದು ಅಲ್ಲಿಂದ ನೆಲಕ್ಕೆ ಹರಿಯಿತು. ಮಹೇಶ್ವರಪ್ಪನ ಬರಿಗಾಲಿಗೂ ಅದು ಬಂದು ಮುಟ್ಟಿತು.

ಗುತ್ಯಪ್ಪ ಮೊದಲ ಸಾಲು ಪೂರ್ತಿ ಅಲ್ಲಾಡದೆ ಕೂತಿದ್ದ. ಎರಡನೆಯ ಸಾಲಿಗೆ ತಂತಿ ಮೀಟಿದ. ಸರಿಯಾದ ಜಾಗಕ್ಕೇ ಬಂದು ಬಿತ್ತು. ಅವಳು ಎಳೆದಲ್ಲಿ ಅವನು ಕಾದ, ಅವಳು ಬೀಸಿ ನಡೆದಲ್ಲಿ ಜೊತೆಗೆ ನಡೆದ. ಅವಳ ತುಟಿ ಅವನಿಗೆ ಕಾಣುತ್ತಿರಲಿಲ್ಲ, ಮುಖವೂ ಕಾಣುತ್ತಿರಲಿಲ್ಲ. ಹತ್ತು ವರ್ಷದಿಂದ ಊರೂರಿಗೆ ಸದ್ದು ಹೊತ್ತು ತಿರುಗಿದವನು ಮಹೇಶ್ವರಪ್ಪ, ಸದ್ದು ಕಿವಿಗೆಂದೇ ಹುಟ್ಟಿದ್ದೆಂದು ತಿಳಿದಿದ್ದ. ಯಾವಾಗ ಕೈಮುಗಿದನೋ ಅವನಿಗೇ ತಿಳಿಯಲಿಲ್ಲ.

ಹನುಮಮ್ಮನ ಕಣ್ಣು ತುಂಬಿ ಹರಿಯತೊಡಗಿತು. ಮೈಕು ಹಿಡಿದ ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ, ಹಾಡು ನಿಲ್ಲಿಸುವಂತೆಯೂ ಇರಲಿಲ್ಲ. ದನಿಯಲ್ಲಿ ಏನಾದರೂ ಬದಲಾಯಿತೇ ಎಂದು ಮಹೇಶ್ವರಪ್ಪ ಕಿವಿಗೊಟ್ಟು ಕೇಳಿದ. ಅವನಿಗೆ ಏನೂ ಗೊತ್ತಾಗಲಿಲ್ಲ.

ಗುತ್ಯಪ್ಪ ಹಿಂದೆ ತಿರುಗದೆ, ತಂತಿ ಮೀಟುವುದನ್ನೂ ಬಿಡದೆ ಹೇಳಿದ: "ಅಳಬ್ಯಾಡ, ಹನುಮಿ. ತಾಳ ತಪ್ಪತೈತಿ."