ಥೇಟ್ ಅಸಲಿ

"ಇದಕ್ಕೆ ಪುಡಿ ಎರಚಿದ್ದು ಯಾರು?"

ಅವಳ ಕೂಗಿಗೆ ಗೇಮ್ ಸ್ಟುಡಿಯೋದಲ್ಲಿದ್ದವರೆಲ್ಲ ಕಂಪ್ಯೂಟರಿನಿಂದ ತಲೆಯೆತ್ತಿದರು. ಮೇಜಿನ ಮೇಲೆ ಅವಳ ಅಮ್ಮನ ಹೊಲಿಗೆ ಯಂತ್ರ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತೆ ಬೆಳ್ಳಗೆ ನಿಂತಿತ್ತು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಎಣ್ಣೆ ಕುಡಿದು ಕರ್ರಗೆ ಮಿರುಗುತ್ತಿದ್ದ ಯಂತ್ರ ಅದು.

ಅವರು ತಯಾರಿಸುತ್ತಿದ್ದ ವಿಡಿಯೋ ಗೇಮಿನಲ್ಲಿ ಒಂದು ದರ್ಜಿ ಅಂಗಡಿ ಬರುತ್ತದೆ. ಆಡುವವನು ಅಲ್ಲಿ ಚಕ್ರ ತಿರುಗಿಸಿ ಹರಿದ ಅಂಗಿ ಹೊಲಿಯಬೇಕು. ಅದಕ್ಕೆಂದೇ ಅಮ್ಮನನ್ನು ಕಾಡಿ ಬೇಡಿ ಯಂತ್ರ ತಂದಿದ್ದಳು. ಒಂಬತ್ತು ದಿನ ಕೂತು ಚಕ್ರ, ಸೂಜಿ, ಬಾಬಿನ್ ಎಂದು ಒಂದೊಂದನ್ನೇ ಅಳೆದು ಕಂಪ್ಯೂಟರಿನಲ್ಲಿ ಬಿಡಿಬಿಡಿಯಾಗಿ ಕಟ್ಟಿದ್ದಳು. ಬಣ್ಣವೊಂದು ಬಾಕಿಯಿತ್ತು. ನಿನ್ನೆ ಒಂದು ದಿನ ರಜೆ ಹಾಕಿದ್ದೇ ತಪ್ಪಾಯಿತು.

"ನಾನೇ ಹಾಕ್ಸಿದ್ದು," ಎಂದ ಮುಖ್ಯಸ್ಥ. ಬೆನ್ನ ಹಿಂದೆ ಅವನಿಗೆ ಅರ್ಜೆಂಟಪ್ಪ ಎಂದೇ ಹೆಸರು. "ಹೊಳೆಯೋ ವಸ್ತು ಸ್ಕ್ಯಾನಿಗೆ ಸಿಗಲ್ಲ, ಅದಕ್ಕೆ ಪುಡಿ. ಸುತ್ತಲೂ ಮುನ್ನೂರು ಫೋಟೋ ಹೊಡೆಸ್ದೆ, ಅವನ್ನೆಲ್ಲ ಜೋಡಿಸಿ ನಿನ್ನೆ ಸಾಯಂಕಾಲಕ್ಕೇ ಕಂಪ್ಯೂಟರಿನಲ್ಲಿ ಮಾಡೆಲ್ ರೆಡಿ. ನೀನು ಕಟ್ಟಿದ್ದು ಇನ್ನು ಬೇಡ."

"ರಾಕ್ಷಸನ ಮುಖ ಆದ್ರೆ ಕಂಪ್ಯೂಟರಲ್ಲೇ ಮಣ್ಣಿನ ಮೂರ್ತಿ ಥರ ಕೆತ್ತೋಣ ಸರ್, ಬಂಡೆ ಆದ್ರೆ ಸ್ಕ್ಯಾನ್ ಮಾಡೋಣ. ತಿರುಗೋ ಯಂತ್ರಾನ ಬಿಡಿಬಿಡಿಯಾಗಿ ಕಟ್ಟಲೇಬೇಕು! ಸ್ಕ್ಯಾನಿಗೆ ಕಾಣೋದು ಹೊರಗಿನ ಸಿಪ್ಪೆ. ಚಕ್ರ, ಸೂಜಿ ಎಲ್ಲ ಸೇರಿ ಒಂದೇ ಮುದ್ದೆ ಆಗಿರುತ್ತೆ."

"ತಿರುಗೋದು ಆಮೇಲೆ ನೋಡ್ಕೊಳ್ಳೋಣ. ನೋಡೋಕೆ ಥೇಟ್ ಅಸಲಿ, ಅಷ್ಟು ಸಾಕು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ದಿನದ ಕೆಲಸ ಹಾಳಾಗಲಿ, ಒಂದು ಮಾತು ಕೇಳದೆ ಇನ್ನೊಬ್ಬರ ವಸ್ತುವಿನ ಮೇಲೆ ಕೈಹಾಕಲು ಇವನಿಗೆ ಮನಸ್ಸಾದರೂ ಹೇಗೆ ಬಂತು? ಅದನ್ನೇ ಕೇಳಬೇಕೆನ್ನುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಕತ್ತಿನಲ್ಲಿ ಅಳತೆಯ ಟೇಪು. ಯಂತ್ರ ವಾಪಸು ಒಯ್ಯಲು ಬಂದಿದ್ದಳು. ಮನೆಯಲ್ಲಿ ನಲವತ್ತು ಮಕ್ಕಳ ಯೂನಿಫಾರ್ಮು ಕತ್ತರಿಸಿಟ್ಟದ್ದು ಹಾಗೇ ಬಿದ್ದಿತ್ತು.

"ಬನ್ನಿ ಅಮ್ಮಾ, ಬನ್ನಿ!" ಅರ್ಜೆಂಟಪ್ಪ ಹಲ್ಲು ಬಿಟ್ಟು ಪರದೆ ತೋರಿಸಿದ. "ನಿಮ್ಮ ಮಿಷನ್ನು! ಗೀರು ಸಮೇತ ಬಂದಿದೆ ನೋಡಿ."

ಅಮ್ಮ ಕನ್ನಡಕ ಏರಿಸಿಕೊಂಡಳು. "ಹೌದು, ನಂದೇ. ಎಲ್ಲಿ, ಒಂದು ಹೊಲಿಗೆ ಹಾಕ್ಸಿ."

"ಚಕ್ರ ಒಂದು ತಿರುಗಲ್ಲಮ್ಮ. ಉಳಿದಿದ್ದೆಲ್ಲ ಥೇಟ್ ಅಸಲಿ."

ಅಮ್ಮ ಯಂತ್ರವಿದ್ದ ಮೇಜಿನ ಹತ್ತಿರ ಬಂದಳು. ಎಣ್ಣೆ ಬಿಡುವ ತೂತುಗಳಲ್ಲಿ ಪುಡಿ ಇಳಿದು, ಎಣ್ಣೆಯೊಂದಿಗೆ ಬೆರೆತು, ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅವಳು ಚಕ್ರ ತಿರುಗಿಸಲು ನೋಡಿದಳು. ಎರಡೂ ಕೈ ಹಾಕಿ ನೋಡಿದಳು. ಇಡೀ ಯಂತ್ರ ಮೇಜಿನ ಮೇಲೆ ಕಿರ್ರೆಂದು ಜರುಗಿತೇ ಹೊರತು ಚಕ್ರ ಅಲುಗಲಿಲ್ಲ.

"ನೀವು ಹೇಳಿದ್ದು ಸರೀನೇ ಸ್ವಾಮಿ," ಎಂದಳು ಅಮ್ಮ, ಬೆಳ್ಳಗಾದ ಅಂಗೈಗಳನ್ನು ಅವನ ಮುಖದ ಮುಂದೆ ಹಿಡಿದು. "ಈಗ ಎರಡೂ ಥೇಟ್ ಒಂದೇ ಥರ ಆಗಿವೆ."